ಮದರ್‌ಬೋರ್ಡ್ ಬದಲಿಸಿದ ಮೇಲೆ ಹಳೇ ವಿಂಡೋಸೋ, ಹೊಸದೋ?

ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಿಸಿದ್ದರೆ ವಿಂಡೋಸ್ ಮುಟ್ಟಬೇಡಿ. ಕಂಪ್ಯೂಟರಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್ ಬದಲಾದರೆ ಮಾತ್ರ ಹಳೇ ವಿಂಡೋಸ್ ಉಳಿಸಿಕೊಳ್ಳುವುದೋ, ಹೊಸದಾಗಿ ಹಾಕುವುದೋ ಎಂಬ ಪ್ರಶ್ನೆ.

ಹಳೇ ಡಿಸ್ಕನ್ನೇ ಸಿಕ್ಕಿಸಿದರೆ ವಿಂಡೋಸ್ 10, 11 ಸಾಮಾನ್ಯವಾಗಿ ತಾವೇ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಹುಡುಕಿಕೊಳ್ಳುತ್ತವೆ. ಕನ್ನಡ ಟೈಪಿಂಗ್‌ನ ‘ನುಡಿ’ ಸಾಫ್ಟ್‌ವೇರ್, ಪ್ರಿಂಟರ್ ಸೆಟ್ಟಿಂಗ್ ಇದ್ದ ಹಾಗೇ ಇರುತ್ತವೆ. ಆದರೆ ಡಿಸ್ಕ್ ಎಂಬಿಆರ್ (ವಿಭಾಗ ಮಾಡುವ ಹಳೇ ವಿಧಾನ) ಆಗಿದ್ದು ಬೋರ್ಡ್ ಯುಇಎಫ್‌ಐ (ಕಂಪ್ಯೂಟರ್ ಶುರು ಮಾಡುವ ಹೊಸ ವಿಧಾನ) ಮಾತ್ರ ಒಪ್ಪಿದರೆ ಬೂಟ್ ಆಗುವುದಿಲ್ಲ, ಅಂದರೆ ವಿಂಡೋಸ್ ಶುರುವಾಗುವುದಿಲ್ಲ. ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಡಿಸ್ಕ್ ಜೋಡಣೆಯ ವಿಧಾನ ಹಿಂದಿನ ಎಎಚ್‌ಸಿಐ ಬದಲು ರೇಡ್ ಎಂದಿದ್ದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರಬಹುದು.

ಹೊಸದಾಗಿ ಹಾಕಲು 8 ಜಿಬಿ ಪೆನ್‌ಡ್ರೈವ್ ಸಾಕು. ಲ್ಯಾನ್ (ನೆಟ್‌ವರ್ಕ್ ಕೇಬಲ್) ಡ್ರೈವರನ್ನೂ ಅದಕ್ಕೇ ತುಂಬಿಕೊಳ್ಳಿ. ಸಾಫ್ಟ್‌ವೇರ್‌ಗಳನ್ನು ಮತ್ತೆ ಹಾಕುವುದೇ ದೊಡ್ಡ ಕೆಲಸ. ಆದರೂ ಇಂಟೆಲ್ ಪ್ರೊಸೆಸರ್‌ನಿಂದ ಎಎಂಡಿಗೆ ಹೋಗುವವರಿಗೆ ನಾವು ಹೇಳುವುದು ಹೊಸದಾಗಿ ಹಾಕಿ ಎಂದೇ.

ಯಾವ ದಾರಿ ಹಿಡಿದರೂ ಓಇಎಂ ಲೈಸೆನ್ಸ್ (ಕಂಪ್ಯೂಟರ್ ಜೊತೆಗೇ ಬಂದದ್ದು) ಹಳೇ ಬೋರ್ಡಿಗೇ ಅಂಟಿರುತ್ತದೆ. ರೀಟೇಲ್ (ಬೇರೆಯಾಗಿ ಕೊಂಡದ್ದು) ಆದರೆ ಹೊಸ ಬೋರ್ಡಿಗೂ ಬರುತ್ತದೆ. ತುಮಕೂರಿನ ಅಂಗಡಿಗೆ ಕೊಂಡೊಯ್ಯುವ ಮುನ್ನ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡಿಸ್ಕಿನ ಫೈಲ್‌ಗಳು ತೆರೆಯುವುದಿಲ್ಲ.