ಟ್ರೇಲ್ ಗ್ರಾಂಟ್ ಕೊಡಿಸ್ತೀವಿ ಅಂತ ಬರುವವರ ಬಗ್ಗೆ ಎಚ್ಚರ

ಅಮೆರಿಕದಲ್ಲಿರುವ ಕನ್ನಡದ ಗೆಳೆಯರೇ, ನಿಮ್ಮ ಬಡಾವಣೆಯ ಹತ್ತಿರ ಜನ ನಡೆಯೋಕೆ, ಮಕ್ಕಳು ಸೈಕಲ್ ಓಡಿಸೋಕೆ ಒಂದು ಟ್ರೇಲ್ ಆಗಲಿ ಅಂತ ನೀವು ಓಡಾಡುತ್ತಿದ್ದರೆ ಇದನ್ನು ಪೂರ್ತಿ ಓದಿ. "ಸರ್ಕಾರದ ಗ್ರಾಂಟ್ ಗ್ಯಾರಂಟಿ ಕೊಡಿಸ್ತೀವಿ, ನೋಂದಣಿ ಶುಲ್ಕ ಮೊದಲು ಕಟ್ಟಿ, ಹಣ ಬಂದಮೇಲೆ ನಮಗೆ ಇಷ್ಟು ಪರ್ಸೆಂಟ್ ಕೊಡಿ" ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ನಮ್ಮ ಗುಂಪಿಗೆ ಆಗಿದ್ದು ಇನ್ನೊಂದು ಗುಂಪಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ನಾರ್ತ್ ಕೆರೊಲೈನಾದಲ್ಲಿ. ಈ ಕಡೆ ಇರುವವರಿಗೆ ಅಮೆರಿಕನ್ ಟೊಬ್ಯಾಕೊ ಟ್ರೇಲ್ ಗೊತ್ತಿರುತ್ತದೆ. ಹಳೇ ರೈಲು ದಾರಿಯನ್ನೇ ನಡೆಯುವ ದಾರಿ ಮಾಡಿದ್ದಾರೆ, ಡರ್ಹಮ್‌ನಿಂದ ಶುರುವಾಗಿ ಸುಮಾರು 22 ಮೈಲಿ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಕನ್ನಡ ಮಾತು ಕಿವಿಗೆ ಬೀಳದೇ ಇರಲ್ಲ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಕಾರಿಲ್ಲದೆ ಮನೆಯಲ್ಲೇ ಕೂತು ಬೇಜಾರಾಗುವ ದೇಶ ಇದು, ಅವರಿಗೆ ಇಂಥ ಒಂದು ದಾರಿ ಮನೆ ಹತ್ತಿರ ಇದ್ದರೆ ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಬಡಾವಣೆಯ ಪಕ್ಕದಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತದೆ. ಅದರ ದಂಡೆಯಲ್ಲೇ ಹೋದರೆ ಶಾಲೆಯಿಂದ ಪಾರ್ಕಿಗೆ ಸಲೀಸಾಗಿ ತಲುಪಬಹುದು. ಈಗ ದಾರಿ ಇಲ್ಲ, ಹಾಗಾಗಿ ಎಲ್ಲರೂ ಫುಟ್‌ಪಾತ್ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ.

ಅದಕ್ಕೇ ಅಕ್ಕಪಕ್ಕದವರೆಲ್ಲ ಸೇರಿ ಒಂದು ಲಾಭರಹಿತ ಸಂಸ್ಥೆ ಮಾಡಿಕೊಂಡೆವು. ನಮ್ಮವರಷ್ಟೇ ಅಲ್ಲ, ಎಲ್ಲ ಥರದ ಜನ ಇದ್ದಾರೆ. ಖಜಾಂಚಿ ಒಬ್ಬರು ನಿವೃತ್ತ ಮೇಷ್ಟ್ರು, ಅಮೆರಿಕದವರೇ, ಒಂದೊಂದು ರಸೀದಿಯನ್ನೂ ಫೈಲ್ ಮಾಡಿ ಇಡುವ ಮನುಷ್ಯ. ಹಣ ಕೂಡಿಸಿದ್ದು ಬೇಕ್ ಸೇಲ್ ಮಾಡಿ, ಮನೆಮನೆಗೆ ಹೋಗಿ ಕೇಳಿ, ಯುಗಾದಿ ದಿನ ಊಟದ ಸ್ಟಾಲ್ ಹಾಕಿ. ಅಂದರೆ ಅದು ಐದು, ಹತ್ತು ಡಾಲರ್ ಕೊಟ್ಟ ಜನರ ಹಣ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಸರ್ಕಾರದ ಅನುದಾನಕ್ಕೆ ಬೇಕಾಗುತ್ತದೆ ಅಂತ ಸ್ಯಾಮ್ ಡಾಟ್ ಗವ್ ಅನ್ನುವ ಅಮೆರಿಕ ಸರ್ಕಾರದ ನೋಂದಣಿ ಜಾಲತಾಣದಲ್ಲಿ ನಮ್ಮ ಸಂಸ್ಥೆಯ ಹೆಸರು ಸೇರಿಸುವ ಕೆಲಸ ಶುರು ಮಾಡಿದ್ದೆವು. ಅಲ್ಲಿ ಹೆಸರು ಹೋದ ಕೂಡಲೇ ಇಮೇಲ್‌ಗಳ ಸುರಿಮಳೆ. ಆ ಪಟ್ಟಿಯಲ್ಲಿ ಸಂಸ್ಥೆಗಳ ವಿವರ ಯಾರು ಬೇಕಾದರೂ ನೋಡಬಹುದು, ಹೊಸ ಹೆಸರು ಕಂಡ ತಕ್ಷಣ ಬೆನ್ನು ಹತ್ತುವ ಕಂಪನಿಗಳೇ ಇವೆ. ನೋಡೋಕೆ ಥೇಟ್ ಸರ್ಕಾರಿ ಪತ್ರ. ಹದ್ದಿನ ಚಿತ್ರ, "ಕೊನೆಯ ಸೂಚನೆ" ಅನ್ನುವ ಕೆಂಪು ಅಕ್ಷರ, ಇಷ್ಟು ದಿನದೊಳಗೆ ಮುಗಿಸದಿದ್ದರೆ ಅನರ್ಹರಾಗುತ್ತೀರಿ ಅನ್ನುವ ಬೆದರಿಕೆ. ನಮ್ಮ ಖಜಾಂಚಿಗೆ ಅಂಥ ಒಂದು ಕಂಪನಿಯಿಂದ ಫೋನ್ ಬಂತು. ಫೋನ್ ಮಾಡಿದವನು ತುಂಬಾ ಚೆನ್ನಾಗಿ ಮಾತಾಡಿದ. ಟ್ರೇಲ್‌ಗಳಿಗೆ ಎಲ್ಲೆಲ್ಲಿ ಹಣ ಇದೆ ಅಂತ ಕಾರ್ಯಕ್ರಮಗಳ ಹೆಸರುಗಳನ್ನೆಲ್ಲ ಪಟಪಟ ಹೇಳಿದ. ನೋಂದಣಿಗೆ ಇಷ್ಟು, ಅರ್ಜಿ ತಯಾರಿಗೆ ಇಷ್ಟು, ಎಲ್ಲ ಸೇರಿ 2,500 ಡಾಲರ್ ಮುಂಗಡ, ಗ್ರಾಂಟ್ ಬಂದಮೇಲೆ ಅದರಲ್ಲಿ ಶೇಕಡಾ 8. ಒಪ್ಪಂದ ಆಯಿತು, ಹಣ ಹೋಯಿತು.

ಈಗ ಒಂದೊಂದಾಗಿ ಕೇಳಿ.

ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿಗೆ ಒಂದು ಪೈಸೆಯೂ ಇಲ್ಲ. ಪೂರ್ತಿ ಉಚಿತ. ಪ್ರತಿ ವರ್ಷ ನವೀಕರಣ ಮಾಡಬೇಕು, ಅದೂ ಉಚಿತ. ಅಷ್ಟೇ ಅಲ್ಲ, ರಾಜ್ಯದ ಮೂಲಕ ಕೇಂದ್ರದ ಅನುದಾನ ಪಡೆಯುವ ನಮ್ಮಂಥ ಸಣ್ಣ ಸಂಸ್ಥೆಗೆ ಸಾಮಾನ್ಯವಾಗಿ ಬೇಕಾಗುವುದು ಯುಇಐ ಅನ್ನುವ ಗುರುತಿನ ಸಂಖ್ಯೆ ಮಾತ್ರ. 2022ರ ಏಪ್ರಿಲ್‌ವರೆಗೆ ಇದ್ದ ಡನ್ಸ್ ನಂಬರಿನ ಜಾಗಕ್ಕೆ ಬಂದಿದ್ದು ಅದು. ಪೂರ್ತಿ ನೋಂದಣಿ ಮಾಡದೆಯೂ ಅದೊಂದನ್ನೇ ತೆಗೆದುಕೊಳ್ಳಬಹುದು. ಕೆಲವು ಕಡೆ ಪೂರ್ತಿ ನೋಂದಣಿ ಕೇಳುತ್ತಾರೆ, ಕೇಳಿದರೆ ಕೂತು ನೀವೇ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಫೆಡರಲ್ ಸರ್ವೀಸ್ ಡೆಸ್ಕ್ ಅಂತ ಸರ್ಕಾರದ್ದೇ ಸಹಾಯ ಕೇಂದ್ರ ಇದೆ, ಅದಕ್ಕೂ ಹಣ ಇಲ್ಲ.

ಹಣ ಹೋಗಿದ್ದು ಒಂದು ಕಡೆ, ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಆ ಕಂಪನಿ ನೋಂದಣಿ ಮಾಡುವಾಗ ನಮ್ಮ ಸಂಸ್ಥೆಯ ಖಾತೆಗೆ ತಮ್ಮ ಇಮೇಲ್ ಹಾಕಿ ತಾವೇ ಅಡ್ಮಿನಿಸ್ಟ್ರೇಟರ್ ಆಗಿ ಕೂತುಬಿಟ್ಟಿದ್ದರು. ನಮ್ಮ ಸಂಸ್ಥೆ, ನಮ್ಮ ಬ್ಯಾಂಕ್ ವಿವರ, ಆದರೆ ಒಳಗೆ ಹೋಗೋಕೆ ನಮಗೇ ಆಗಲ್ಲ! ಕೇಳಿದರೆ "ಮುಂದಿನ ವರ್ಷದ ನವೀಕರಣ ಶುಲ್ಕ ಕಟ್ಟಿ, ಆಮೇಲೆ ನೋಡೋಣ" ಅನ್ನುವ ಉತ್ತರ. ಕೊನೆಗೆ ಖಜಾಂಚಿಯವರು ನಮ್ಮ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು, ನೋಟರಿ ಹತ್ತಿರ ಸಹಿ ಮಾಡಿಸಿ, ಫೆಡರಲ್ ಸರ್ವೀಸ್ ಡೆಸ್ಕಿಗೆ ಕಳಿಸಿ, ಅವರು ಅದನ್ನು ನೋಡಿ ಒಪ್ಪಿದ ಮೇಲೆ ಖಾತೆ ನಮ್ಮ ಕೈಗೆ ಬಂತು. ನಿಮ್ಮ ಖಾತೆಯೂ ಹೀಗೆ ಇನ್ನೊಬ್ಬರ ಕೈಯಲ್ಲಿದ್ದರೆ ದಾರಿ ಇದೇ, ಅವರಿಗೆ ಮತ್ತೆ ಹಣ ಕೊಡಬೇಡಿ.

ಇನ್ನು ಅರ್ಜಿಯ ಕಥೆ. ಟ್ರೇಲ್‌ಗಳಿಗೆ ಮುಖ್ಯವಾಗಿ ಹಣ ಬರುವ ಕೇಂದ್ರದ ಕಾರ್ಯಕ್ರಮದ ಹೆಸರು ರಿಕ್ರಿಯೇಷನಲ್ ಟ್ರೇಲ್ಸ್ ಪ್ರೋಗ್ರಾಂ, ಎಲ್ಲರೂ ಆರ್‌ಟಿಪಿ ಅಂತಾರೆ. 1991ರ ಕಾನೂನಿನಿಂದ ಇದರ ಬೇರು ಶುರು. ಕಾಡುದಾರಿಯಲ್ಲಿ ಓಡಿಸುವ ಎಟಿವಿ ಅನ್ನುವ ನಾಲ್ಕು ಚಕ್ರದ ಗಾಡಿ, ಬೈಕು, ಸ್ನೋಮೊಬೈಲ್‌ಗಳ ಇಂಧನದ ಮೇಲಿನ ತೆರಿಗೆಯ ಲೆಕ್ಕದಲ್ಲಿ ಈ ಹಣ ಬರುತ್ತದೆ. ಅದಕ್ಕೇ ಸಾಮಾನ್ಯವಾಗಿ ರಾಜ್ಯಗಳು ಇದರಲ್ಲಿ ಶೇಕಡಾ 30 ಮೋಟಾರು ವಾಹನದ ಟ್ರೇಲ್‌ಗೆ, ಶೇಕಡಾ 30 ನಡಿಗೆ, ಸೈಕಲ್, ಕುದುರೆಯಂಥ ಮೋಟಾರಿಲ್ಲದ ಟ್ರೇಲ್‌ಗೆ, ಉಳಿದ 40 ಹಲವು ಬಳಕೆ ಒಟ್ಟಿಗೆ ಇರುವ ಟ್ರೇಲ್‌ಗೆ ಅಂತ ಹಂಚಬೇಕು. ಫೆಡರಲ್ ಹೈವೇ ಇಲಾಖೆ ರಾಜ್ಯಗಳಿಗೆ ಕೊಡುತ್ತದೆ, ರಾಜ್ಯ ನಮಗೆ ಕೊಡುತ್ತದೆ. ವಾಷಿಂಗ್ಟನ್ನಿಗೆ ನೇರ ಅರ್ಜಿ ಹಾಕುವ ಮಾತೇ ಇಲ್ಲ. ಆ ಕಂಪನಿಯವರು "ವಾಷಿಂಗ್ಟನ್‌ನಲ್ಲಿ ನಮಗೆ ಜನ ಗೊತ್ತು" ಅಂದಿದ್ದರು. ಈ ಗ್ರಾಂಟಿಗೆ ಅರ್ಜಿ ಕರೆಯುವುದು, ಅಂಕ ಹಾಕುವುದು, ಆರಿಸುವುದು ಎಲ್ಲ ರಾಜ್ಯದಲ್ಲಿ ನಡೆಯುವಾಗ ಅಲ್ಲಿ ಯಾರು ಗೊತ್ತಿದ್ದು ಏನು ಪ್ರಯೋಜನ?

ಅವರು ಹಾಕಿದ ಅರ್ಜಿಯ ಪ್ರತಿ ನಮ್ಮ ಕೈಗೆ ಬಂದಿದ್ದು ಅದು ತಿರಸ್ಕೃತವಾದ ಮೇಲೆ. ಕೇಳಿದಾಗಲೆಲ್ಲ "ಅದು ನಮ್ಮ ಗೌಪ್ಯ ಮಾದರಿ" ಅನ್ನುತ್ತಿದ್ದರು. ತೆಗೆದು ನೋಡಿದರೆ ನಮ್ಮ ಹಳ್ಳದ ಪಕ್ಕದ ನಡಿಗೆ ದಾರಿಯನ್ನು ಮೋಟಾರು ವಾಹನದ ವಿಭಾಗಕ್ಕೆ ಸೇರಿಸಿದ್ದಾರೆ! ಎಟಿವಿ ಟ್ರೇಲರ್ ನಿಲ್ಲಿಸೋಕೆ ಪಾರ್ಕಿಂಗ್, ಕಾಡಿನೊಳಗೆ ಸೂಚನಾ ಫಲಕ, ಒಂದು ಕಡೆ ಬೇರೆ ರಾಜ್ಯದ ಊರಿನ ಹೆಸರು ಹಾಗೇ ಉಳಿದಿದೆ. ಯಾರದೋ ಅರ್ಜಿಯನ್ನು ತಂದು ನಮ್ಮ ಹೆಸರು ಅಂಟಿಸಿದ್ದರು. ಜಾಗದ ಒಡೆಯರ ಒಪ್ಪಿಗೆ ಪತ್ರ ಇಲ್ಲ. ನಮ್ಮ ದಾರಿ ಒಂದು ಕಡೆ ಖಾಸಗಿ ಜಮೀನಿನ ಅಂಚಿನಲ್ಲಿ ಹೋಗುತ್ತದೆ. ಆ ಮನೆಯ ಅಜ್ಜಿ ಸಂತೋಷದಿಂದ ಬರೆದುಕೊಡುತ್ತಿದ್ದರು, ಈ ಪುಣ್ಯಾತ್ಮರು ಕೇಳಲೇ ಇಲ್ಲ. ಜೊತೆಗೆ ನಮ್ಮ ಸಂಸ್ಥೆಯ ಹತ್ತಿರ ಇಲ್ಲದ ಹಣವನ್ನು ಇದೆ ಅಂತ ತೋರಿಸಿದ್ದರು. ಇದು ಸಣ್ಣ ವಿಷಯ ಅಲ್ಲ. ಕೇಂದ್ರದ ಹಣದ ಅರ್ಜಿಯಲ್ಲಿ ಸುಳ್ಳು ಹೇಳಿದರೆ ಕಾನೂನಿನ ತೊಂದರೆ ಬರಬಹುದು, ಮತ್ತು ಅರ್ಜಿಯ ಮೇಲಿರುವ ಹೆಸರು ನಮ್ಮದು, ಅವರದಲ್ಲ.

ಈ ಹಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅವರು ಮುಚ್ಚಿಟ್ಟಿದ್ದೇ ಇದನ್ನು. ಆರ್‌ಟಿಪಿಯಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಶೇಕಡಾ 80ರವರೆಗೆ. ಉಳಿದಿದ್ದು ನಾವು ಹಾಕಬೇಕು, ಅದಕ್ಕೆ ಮ್ಯಾಚ್ ಅಂತಾರೆ. ಎಷ್ಟು, ಯಾವ ರೂಪದಲ್ಲಿ ಅನ್ನುವ ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದು ಪೂರ್ತಿ ನಗದೇ ಆಗಬೇಕು ಅಂತಲೂ ಇಲ್ಲ. ದಾನವಾಗಿ ಬಂದ ಜಲ್ಲಿ, ಮರದ ಹಲಗೆ, ಸ್ವಯಂಸೇವಕರು ಮೈಬಗ್ಗಿಸಿ ಮಾಡಿದ ಕೆಲಸದ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬಹುದು, ಆದರೆ ಯಾರು, ಯಾವ ದಿನ, ಎಷ್ಟು ಹೊತ್ತು ಅಂತ ಸಹಿ ಸಮೇತ ದಾಖಲೆ ಬೇಕು, ಮತ್ತು ಆ ಕೆಲಸವೂ ರಾಜ್ಯ ಒಪ್ಪಿದ ಅವಧಿಯೊಳಗೆ ನಡೆದಿರಬೇಕು.

ಇನ್ನೂ ಮುಖ್ಯವಾದದ್ದು: ಹಣ ಮೊದಲು ಬರಲ್ಲ. ನೀವು ಖರ್ಚು ಮಾಡಿ, ರಸೀದಿ ಕೊಟ್ಟು, ಆಮೇಲೆ ವಾಪಸ್ ಪಡೆಯಬೇಕು. ಆ ಕಂಪನಿ "ಮೂರು ತಿಂಗಳಲ್ಲಿ ನಿಮ್ಮ ಬ್ಯಾಂಕಿಗೆ ಜಮಾ" ಅಂದಿತ್ತು. ಅಷ್ಟಕ್ಕೇ ಬಿಡದೆ, "ಕೆಲಸ ಶುರುವಾಗಿದೆ ಅಂತ ಫೋಟೊ ತೋರಿಸಿದರೆ ಅಂಕ ಜಾಸ್ತಿ" ಅಂತ ಹೇಳಿ ಒಂದು ತುಂಡು ದಾರಿಗೆ ಜಲ್ಲಿ ಹಾಕಿಸಿದರು. ರಾಜ್ಯದ ಜೊತೆ ಗ್ರಾಂಟ್ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಮಾಡಿದ ಇಂಥ ಕೆಲಸದ ಖರ್ಚು ವಾಪಸ್ ಬರಲ್ಲ. ಪರಿಸರ ಪರಿಶೀಲನೆ ಮುಗಿಯುವ ಮುಂಚೆ ಹಳ್ಳದ ದಂಡೆ ಅಗೆದರೆ ಯೋಜನೆಯೇ ಕೈತಪ್ಪಿ ಹೋಗಬಹುದು. ಕೇಂದ್ರದ ಹಣ ಅಂದಮೇಲೆ ಜೌಗು ನೆಲ, ಹಳೇ ಕಟ್ಟಡ, ಪುರಾತನ ಕುರುಹು ಎಲ್ಲ ನೋಡಿಯೇ ಮುಂದೆ ಹೋಗುತ್ತಾರೆ. ಹೋಗಲೂಬೇಕು.

ಶೇಕಡಾ 8ರ ಕಮಿಷನ್ ಬಗ್ಗೆ. ಗ್ರಾಂಟ್ ಹಣವನ್ನು ಒಪ್ಪಿದ ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕು, ಪ್ರತಿ ಡಾಲರಿಗೂ ರಸೀದಿ ತೋರಿಸಬೇಕು. ಅದರಿಂದ ಅರ್ಜಿ ಬರೆದವರಿಗೆ ಪಾಲು ಕೊಡೋಕೆ ಬರಲ್ಲ. ಹಾಗಾಗಿ ಆ ಕಮಿಷನ್ ನಿಮ್ಮ ಸ್ವಂತ ದೇಣಿಗೆಯ ಪೆಟ್ಟಿಗೆಯಿಂದಲೇ ಹೋಗಬೇಕು. ಗ್ರಾಂಟ್ ಬರೆಯುವ ವೃತ್ತಿಯವರ ಸಂಘದ ನೀತಿ ನಿಯಮಗಳೇ ಪರ್ಸೆಂಟ್ ಲೆಕ್ಕದ ಸಂಭಾವನೆಯನ್ನು ಒಪ್ಪುವುದಿಲ್ಲ. ಪ್ರಾಮಾಣಿಕವಾಗಿ ಈ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರು ಗಂಟೆಗೆ ಇಷ್ಟು ಅಥವಾ ಒಂದು ಅರ್ಜಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಗ್ಯಾರಂಟಿ ಕೊಡಲ್ಲ, ಪ್ರತಿ ಕರಡನ್ನೂ ನಿಮಗೆ ತೋರಿಸುತ್ತಾರೆ. ಅಂಥವರ ಬಗ್ಗೆ ನನ್ನ ತಕರಾರಿಲ್ಲ.

ಇನ್ನೊಂದು ಸುಳ್ಳು ನೆನಪಾಯಿತು. "ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್‌ಗೂ ನಿಮ್ಮ ಪರವಾಗಿ ಹಾಕಿದ್ದೇವೆ" ಅಂದಿದ್ದರು. ಪಾರ್ಕು, ಟ್ರೇಲ್‌ಗಳಿಗೆ ಆ ನಿಧಿಯಿಂದ ಬರುವ ರಾಜ್ಯದ ಪಾಲಿನ ಹಣ ಸಿಗುವುದು ರಾಜ್ಯ, ಕೌಂಟಿ, ನಗರ, ಬುಡಕಟ್ಟು ಸರ್ಕಾರಗಳಿಗೆ. ನಮ್ಮಂಥ ಖಾಸಗಿ ಸಂಸ್ಥೆ ಅದಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಅದರಲ್ಲಿ ಅರ್ಧ ಹಣ ಅರ್ಜಿದಾರರೇ ಹಾಕಬೇಕು, ಮತ್ತು ಆ ಹಣ ಮುಟ್ಟಿದ ಜಾಗ ಶಾಶ್ವತವಾಗಿ ಜನರ ಹೊರಾಂಗಣ ಬಳಕೆಗೇ ಉಳಿಯಬೇಕು. ನಗರದವರ ಜೊತೆ ಕೂತು ಮಾತಾಡದೆ ಆಗುವ ಕೆಲಸವೇ ಅಲ್ಲ ಅದು.

ಹಾಗಾದರೆ ಯಾರನ್ನು ಕೇಳಬೇಕು? ಮೊದಲ ಫೋನ್ ನಿಮ್ಮ ರಾಜ್ಯದ ಟ್ರೇಲ್ ಅಧಿಕಾರಿಗೆ. ಆರ್‌ಟಿಪಿ ಹಣ ಪಡೆಯುವ ಪ್ರತಿ ರಾಜ್ಯದಲ್ಲೂ ಅದಕ್ಕೆ ಗೊತ್ತುಮಾಡಿದ ಇಲಾಖೆ ಇರುತ್ತದೆ, ಟ್ರೇಲ್ ಬಳಸುವವರೇ ಇರುವ ಸಲಹಾ ಸಮಿತಿ ಇರುತ್ತದೆ. ನಮ್ಮಲ್ಲಿ ಇದು ರಾಜ್ಯದ ಪಾರ್ಕ್ ವಿಭಾಗದ ಕೈಯಲ್ಲಿದೆ. ನಾವು ಈಗ ಅವರ ಜೊತೆ ಮಾತಾಡುತ್ತಿದ್ದೇವೆ. ಫೋನ್ ಎತ್ತಿದ ಹೆಣ್ಣುಮಗಳು ಯಾವ ವಿಭಾಗಕ್ಕೆ ನಮ್ಮ ದಾರಿ ಸೇರುತ್ತದೆ, ಯಾವ ಪತ್ರಗಳು ಬೇಕು, ಹೋದ ಸಲ ಅಂಕ ಎಲ್ಲಿ ಹೋಯಿತು ಅಂತ ತಾಳ್ಮೆಯಿಂದ ಹೇಳಿದರು. ಒಂದು ಡಾಲರ್ ಕೇಳಲಿಲ್ಲ. ಆಮೇಲೆ ನಿಮ್ಮ ನಗರದ ಅಥವಾ ಕೌಂಟಿಯ ಪಾರ್ಕ್ ಇಲಾಖೆ. ಟ್ರೇಲ್ ಆದಮೇಲೆ ಹುಲ್ಲು ಕತ್ತರಿಸುವುದು, ಬಿದ್ದ ಮರ ತೆಗೆಯುವುದು ಯಾರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅವರು ಜೊತೆಗಿದ್ದರೆ ಅರ್ಜಿಗೆ ಬಲ. ನ್ಯಾಷನಲ್ ಪಾರ್ಕ್ ಸರ್ವೀಸ್‌ನಲ್ಲಿ ರಿವರ್ಸ್, ಟ್ರೇಲ್ಸ್ ಅಂಡ್ ಕನ್ಸರ್ವೇಷನ್ ಅಸಿಸ್ಟೆನ್ಸ್ ಅಂತ ಒಂದು ಕಾರ್ಯಕ್ರಮ ಇದೆ. ಅವರು ಹಣ ಕೊಡಲ್ಲ. ತಮ್ಮ ತಜ್ಞರನ್ನು ಕೊಡುತ್ತಾರೆ, ನಕ್ಷೆ, ಯೋಜನೆ, ಜನರ ಸಭೆ ನಡೆಸುವುದು ಎಲ್ಲಕ್ಕೂ ಕೈ ಜೋಡಿಸುತ್ತಾರೆ. ಸಣ್ಣ ಗುಂಪಿಗೆ ಇದು ಹಣಕ್ಕಿಂತ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಬೆಂಚು, ಫಲಕದಂಥ ಸಣ್ಣ ಕೆಲಸಕ್ಕೆ ಹಿರಿಯರ ಸಂಸ್ಥೆಯಾದ ಎಎಆರ್‌ಪಿ 2017ರಿಂದ ಕೊಡುತ್ತಿರುವ ಕಮ್ಯುನಿಟಿ ಚಾಲೆಂಜ್ ಗ್ರಾಂಟ್ ನೋಡಿ, ಸೈಕಲ್ ದಾರಿ ಇದ್ದರೆ ಪೀಪಲ್ ಫಾರ್ ಬೈಕ್ಸ್ ಅನ್ನುವ ಸೈಕಲ್ ಪರ ಸಂಸ್ಥೆಯನ್ನು ನೋಡಿ.

ಊರಲ್ಲಿ ಕೆರೆ ಸುತ್ತ ವಾಕಿಂಗ್ ಪಾತ್ ಮಾಡಿಸೋಕೆ ಕಂಪನಿಗಳ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ ಹುಡುಕುತ್ತಿರುವ ಗೆಳೆಯರೂ ಇದನ್ನು ಓದುತ್ತಿರಬಹುದು. ಅಲ್ಲಿಯೂ "ಸಿಎಸ್ಆರ್ ಕೊಡಿಸ್ತೀನಿ, ಪರ್ಸೆಂಟ್ ಕೊಡಿ" ಅನ್ನುವವರು ಇದ್ದಾರೆ. 2021ರ ಏಪ್ರಿಲ್‌ನಿಂದ ಇಂಥ ಹಣ ಪಡೆಯುವ ಸಂಸ್ಥೆಗೆ ಭಾರತ ಸರ್ಕಾರದ ಸಿಎಸ್ಆರ್-1 ಅನ್ನುವ ನೋಂದಣಿ ಬೇಕು. ಆ ನೋಂದಣಿ ನಿಮ್ಮ ಸಂಸ್ಥೆಯ ಹೆಸರಲ್ಲಿ, ನಿಮ್ಮದೇ ಇಮೇಲ್ ಮತ್ತು ಫೋನ್ ನಂಬರಿನಲ್ಲಿ ಇರಲಿ. ಕಂಪನಿಯ ಸಿಎಸ್ಆರ್ ವಿಭಾಗದ ಜೊತೆ ನೇರವಾಗಿ ಮಾತಾಡಿ. ಕೆರೆ ಯಾವ ಇಲಾಖೆಯದೋ ಅವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಂಡು ಆಮೇಲೆ ಹಣ ಹುಡುಕಿ.

ನಮ್ಮ 2,500 ಡಾಲರ್ ಇನ್ನೂ ವಾಪಸ್ ಬಂದಿಲ್ಲ. ಗ್ರಾಹಕರ ವಂಚನೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಟಿಸಿಯ ರಿಪೋರ್ಟ್ ಫ್ರಾಡ್ ಪುಟದಲ್ಲಿ ದೂರು ಕೊಟ್ಟಿದ್ದೇವೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಬರೆದಿದ್ದೇವೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ ಭಾಗಕ್ಕೆ ಬ್ಯಾಂಕಿನಲ್ಲಿ ತಕರಾರು ಹಾಕಿದ್ದೇವೆ. ನೀವೂ ಹೀಗೆ ಹಣ ಕಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ. ಇಮೇಲ್, ಲಕೋಟೆ, ಒಪ್ಪಂದ, ಕರೆ ಬಂದ ನಂಬರು ಎಲ್ಲ ತೆಗೆದಿಡಿ, ಮೊದಲು ಬ್ಯಾಂಕಿಗೆ ಹೇಳಿ, ಏಕೆಂದರೆ ಕಾರ್ಡಿನ ತಕರಾರಿಗೆ ಗಡುವು ಇರುತ್ತದೆ. ಆಮೇಲೆ ಅದೇ ದಿನ ಸ್ಯಾಮ್ ಖಾತೆಗೆ ಹೋಗಿ ಅಡ್ಮಿನಿಸ್ಟ್ರೇಟರ್ ಜಾಗದಲ್ಲಿ ಯಾರ ಹೆಸರಿದೆ ಅಂತ ನೋಡಿ.