ಏಕವ್ಯಕ್ತಿ ರಂಗಕ್ಕೆ ಯಾವ ರಾಣಿ: ಕೆಳದಿ ಚೆನ್ನಮ್ಮನೋ, ಚೆನ್ನಭೈರಾದೇವಿಯೋ?

ಸಾಗರ ಅಥವಾ ಶಿವಮೊಗ್ಗದ ವೇದಿಕೆಯಲ್ಲಿ ರಾಣಿಯೊಬ್ಬಳ ಬದುಕನ್ನು ಒಬ್ಬಳೇ ನಟಿಯಿಂದ ಆಡಿಸಬೇಕೆನ್ನುವವರಿಗೆ ಸಹಜವಾಗಿ ಹೊಳೆಯುವ ಹೆಸರುಗಳು ಎರಡು.

ಕೆಳದಿ ಚೆನ್ನಮ್ಮನ ಕಥೆ ರಂಗಕ್ಕೆ ಸಿದ್ಧವಾಗಿಯೇ ಇದೆ: ಪತಿ ಸೋಮಶೇಖರ ನಾಯಕನ ನಂತರ ಆಡಳಿತ ವಹಿಸಿಕೊಂಡ ಆಕೆ, ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಆದರೆ ಇಲ್ಲಿನ ಪ್ರೇಕ್ಷಕರಿಗೆ ಈ ಪ್ರಸಂಗ ಶಾಲೆಯ ದಿನಗಳಿಂದಲೇ ಕಂಠಪಾಠ. ಯುದ್ಧದ ಅಬ್ಬರವನ್ನು ಒಂಟಿ ನಟಿ ಹೊರುವುದೂ ಕಷ್ಟ. ಆಶ್ರಯ ಕೊಡುವ ಮುನ್ನಿನ ತುಮುಲವನ್ನು ಹಿಡಿದರೆ ಮಾತ್ರ ಏಕವ್ಯಕ್ತಿ ರೂಪ ಸಾರ್ಥಕವಾಗುತ್ತದೆ.

ಗೇರುಸೊಪ್ಪೆಯ ಚೆನ್ನಭೈರಾದೇವಿಯದು ಬೇರೆಯೇ ಹದ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದ ಈ ಜೈನ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು. ಕಡೆಗೆ ಆಕೆಯನ್ನು ಸೋಲಿಸಿದ್ದು ಕೆಳದಿಯವರೇ. ಸೆರೆಯಲ್ಲಿಯೇ ಆಕೆಯ ಅಂತ್ಯವಾಯಿತೆಂಬ ಪ್ರತೀತಿಯಿದೆ. ಸೆರೆಯಲ್ಲಿ ಕುಳಿತು ನೆನಪುಗಳನ್ನು ಬಿಚ್ಚುವ ವೃದ್ಧೆಗೆ ಎದುರುಪಾತ್ರವೇ ಬೇಡ, ಒಂದು ಮುಷ್ಟಿ ಮೆಣಸಿನಷ್ಟು ರಂಗಪರಿಕರ ಸಾಕು. (ಸಭಿಕರಲ್ಲಿ ಕೆಳದಿಯ ಅಭಿಮಾನಿಗಳಿದ್ದರೆ ಕೊಂಚ ಮುಜುಗರವಾದೀತು, ಆಗಲಿ.)

ಶಾಲಾ ವಾರ್ಷಿಕೋತ್ಸವಕ್ಕೆ ಚೆನ್ನಮ್ಮನೇ ಸರಿ. ಪಳಗಿದ ನಟಿಯೂ 90 ನಿಮಿಷಗಳ ಅವಕಾಶವೂ ಇದ್ದರೆ ನನ್ನ ಆಯ್ಕೆ ಚೆನ್ನಭೈರಾದೇವಿ.