ಪ್ಯಾಡ್ ಬದಲಿಸಿದ ಓವರ್-ಇಯರ್ ಹೆಡ್‌ಫೋನ್: ಮಂಗಳೂರು-ಉಡುಪಿಯವರು ದುಡ್ಡು ಕೊಡುವ ಮೊದಲು ಇದನ್ನು ಓದಿ

"ಓಪನ್ ಬಾಕ್ಸ್ ಪೀಸ್ (ಡಬ್ಬ ಒಮ್ಮೆ ಬಿಚ್ಚಿದ್ದು), ಹೊಸದರ ಹಾಗೆಯೇ ಉಂಟು" ಅಂತ ಯಾರಾದರೂ ಓವರ್-ಇಯರ್ ಹೆಡ್‌ಫೋನ್ ತೋರಿಸಿದರೆ ಬ್ಯಾಟರಿ, ಬ್ಲೂಟೂತ್ ಎಲ್ಲ ಆಮೇಲೆ ನೋಡಿ. ಮೊದಲು ಕಿವಿಗೆ ತಾಗುವ ಪ್ಯಾಡ್ ನೋಡಿ. ಮಂಗಳೂರಿನ ಹಂಪನಕಟ್ಟೆ ಕಡೆಯ ಅಂಗಡಿಯೊಂದರಿಂದ ಹೊಸದರ ಅರ್ಧ ಬೆಲೆಗೆ ಬಂದ ಒಂದು ಸೆಟ್ ಎದುರಿಗುಂಟು. ಮಡಚುವ, ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಗದ್ದಲ ಅಡಗಿಸುವ ತಂತ್ರ) ಇರುವ, ಹೆಸರಾಂತ ಮಾದರಿ. ಡಬ್ಬ, ಕೇಬಲ್, ಪೌಚ್ ಎಲ್ಲ ಸರಿ. ಹೆಡ್‌ಬ್ಯಾಂಡಿನ ಮೇಲೆ ಬಳಸಿದ ಗುರುತು ಇದೆ, ಆದರೆ ಪ್ಯಾಡ್ ಮಾತ್ರ ಹೊಳೆಯುವ ಹೊಸತು. ಅನುಮಾನ ಬರಬೇಕಾದದ್ದು ಅಲ್ಲೇ. ಬ್ಯಾಂಡ್ ಹಳತಾಗಿ ಪ್ಯಾಡ್ ಹೊಸತಾಗಿದ್ದರೆ ಅದು ಬದಲಿಸಿದ ಪ್ಯಾಡ್. ಅದನ್ನು ಯಾರು, ಯಾವುದು, ಹೇಗೆ ಹಾಕಿದರು ಎಂಬುದರ ಮೇಲೆ ಆ ಹೆಡ್‌ಫೋನ್‌ನ ಇಡೀ ದನಿ ನಿಂತಿರ್ತದೆ.

ಕೇಳಿದಾಗ ಹೇಗಿತ್ತು ಅಂದರೆ, ಮೊದಲ ಐದು ನಿಮಿಷ "ಆಹಾ, ಎಷ್ಟು ಕ್ಲಿಯರ್" ಅನಿಸುವ ಹಾಗಿತ್ತು. ಈ ಮೊದಲ ಮೆಚ್ಚುಗೆಯನ್ನು ನಂಬಬೇಡಿ. ಬೇಸ್ (ತಗ್ಗಿನ ಸ್ವರ) ಸೋರಿಹೋದಾಗ ಮೇಲಿನ ಸ್ವರಗಳು ಎದ್ದು ಕಾಣ್ತವೆ, ಕಿವಿ ಅದನ್ನೇ ಸ್ಪಷ್ಟತೆ ಅಂತ ತಿಳಿಯುತ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಹಾಕಿದಾಗ ವಿಷಯ ಹೊರಗೆ ಬಂತು. ಅವರ ವಾದನದಲ್ಲಿ ತಗ್ಗಿನ ಸ್ಥಾಯಿಗೆ ಇಳಿದಾಗ ವಾದ್ಯದ ಹೊಟ್ಟೆಯೊಳಗಿನಿಂದ ತುಂಬಿದ ನಾದ ಬರಬೇಕು. ಇಲ್ಲಿ ರೀಡಿನ ಕರಕರ ಮುಂದೆ ಬಂದು ನಾದ ಹಿಂದೆ ಉಳಿಯಿತು. ಯಕ್ಷಗಾನದ ರೆಕಾರ್ಡಿಂಗಿನಲ್ಲಿ ಚೆಂಡೆಯ ಪೆಟ್ಟು ಬಲಗಿವಿಗೆ ಚುಚ್ಚುವಷ್ಟು ಚೂಪು, ಮದ್ದಳೆಯ ತಗ್ಗು ಪೆಟ್ಟು ಬರೀ ಟಪ್ ಟಪ್. ಭಾಗವತರ ದನಿ ತಲೆಯ ನಟ್ಟನಡುವೆ ನಿಲ್ಲಬೇಕಾದದ್ದು ಎರಡು ತುಂಡಾಗಿ ಕೇಳಿತು: ದನಿಯ ಬುಡ ಎಡಕ್ಕೆ, ಅಂಚು ಮಾತ್ರ ನಡುವೆ. ಬಲದ ಕಪ್ಪಿನಲ್ಲಿ (ಕಿವಿ ಮುಚ್ಚುವ ಬಟ್ಟಲಿನಲ್ಲಿ) ಸುಮಾರು 200 ಹರ್ಟ್ಝ್‌ಗಿಂತ ಕೆಳಗಿನದ್ದೆಲ್ಲ ಸೋರಿಹೋಗುತ್ತಿತ್ತು.

ಅಂಗಡಿಯಿಂದ ಬಂದ ಉತ್ತರ ಎರಡು. ಇವೇ ಉತ್ತರ ನಿಮಗೂ ಸಿಗಬಹುದು, ಹಾಗಾಗಿ ಹೇಳ್ತೇನೆ. ಒಂದು, "ಬರ್ನ್-ಇನ್ ಆಗಬೇಕು, 100 ಗಂಟೆ ಹಾಡು ಹಾಕಿಡಿ, ಬೇಸ್ ತನ್ನಷ್ಟಕ್ಕೆ ಬರ್ತದೆ." ಒಂದೇ ಕಪ್ಪಿನಲ್ಲಿ ಇಲ್ಲದ ಬೇಸ್ ಎಷ್ಟು ಗಂಟೆ ಹಾಡಿಸಿದರೂ ಬರುವುದಿಲ್ಲ. ಬರುವುದು ಏನಂದರೆ, ನೀವು ಕಾಯುವಷ್ಟರಲ್ಲಿ ವಾಪಸ್ ಕೊಡುವ ಅವಧಿಯ ಕೊನೆ. ಎರಡನೆಯದು, "ನಿಮ್ಮ ಫೋನಿನಲ್ಲಿ ಒಳ್ಳೆಯ ಕೋಡೆಕ್ ಇಲ್ಲ." ಕೋಡೆಕ್ ಅಂದರೆ ಬ್ಲೂಟೂತಿನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ. ಎಸ್‌ಬಿಸಿ, ಎಎಸಿ, ಎಲ್‌ಡ್ಯಾಕ್ ಇವುಗಳ ನಡುವೆ ವ್ಯತ್ಯಾಸ ಇದ್ದರೂ ಅದು ಸೂಕ್ಷ್ಮ ವಿವರಗಳದ್ದು. ಕೋಡೆಕ್ ಕಾರಣದಿಂದ ಒಂದು ಕಿವಿಯ ಬೇಸ್ ಮಾತ್ರ ಮಾಯ ಆಗುವುದು ಅಂತ ಇಲ್ಲ.

ಪ್ಯಾಡ್ ಬಿಚ್ಚಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಬಗೆಯ ಹೆಡ್‌ಫೋನ್‌ಗಳಲ್ಲಿ ಪ್ಯಾಡಿನ ಹಿಂದೆ ತೆಳ್ಳನೆಯ ಪ್ಲಾಸ್ಟಿಕ್ ರಿಂಗ್ ಇರ್ತದೆ. ಅದರ ಸುತ್ತ ಸಣ್ಣ ಕೊಕ್ಕೆಗಳು. ಕಪ್ಪಿನ ಕಚ್ಚುಗಳೊಳಗೆ ಅವು ಟಿಕ್ ಟಿಕ್ ಅಂತ ಕೂತರೆ ಗಾಳಿ ಹೋಗದ ಹಾಗೆ ಬಂದ್. ಇಲ್ಲಿ ಹಳೆಯ ಪ್ಯಾಡ್ ಕೀಳುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಿದ ಗುರುತು ಇತ್ತು, ಬಲದ ಕಪ್ಪಿನಲ್ಲಿ ಕೊಕ್ಕೆ ಕೂರುವ ಎರಡು ಕಚ್ಚು ಮುರಿದಿದ್ದವು. ಅದನ್ನು ಸರಿಮಾಡುವ ಬದಲು ಎರಡು ಬದಿ ಅಂಟುವ ಟೇಪ್ ಸುತ್ತ ಹಚ್ಚಿ ಮೇಲಿಂದ ಪ್ಯಾಡ್ ಒತ್ತಿದ್ದಾರೆ. ಟೇಪಿನ ಎರಡು ತುದಿ ಒಂದಕ್ಕೊಂದು ಮುಟ್ಟುವುದಿಲ್ಲ, ನಡುವೆ ಉಗುರು ತೂರುವಷ್ಟು ಸಂದು. ಬೇಸ್ ಸೋರಿದ್ದು ಆ ಸಂದಿನಿಂದ. ಅದಕ್ಕಿಂತ ಕೆಟ್ಟದ್ದು, ಟೇಪಿನ ಅಂಚು ಡ್ರೈವರ್ (ಸದ್ದು ಹೊರಡಿಸುವ ಸಣ್ಣ ಸ್ಪೀಕರ್) ಪಕ್ಕದ ಸಣ್ಣ ಜಾಲರಿಯ ಅರ್ಧ ಭಾಗವನ್ನು ಮುಚ್ಚಿತ್ತು. ಅದು ಅಲಂಕಾರಕ್ಕೆ ಇಟ್ಟ ತೂತಲ್ಲ, ಒಳಮೈಕಿನ ಬಾಯಿ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಮುಚ್ಚಿದ ಕಪ್ಪಿನ ಹೆಡ್‌ಫೋನ್‌ನಲ್ಲಿ ತಗ್ಗಿನ ಸ್ವರ ಹುಟ್ಟುವುದು ಕಿವಿ ಮತ್ತು ಡ್ರೈವರ್ ನಡುವೆ ಸಿಕ್ಕಿಬಿದ್ದ ಗಾಳಿಯ ಒತ್ತಡದಿಂದ. ಸಂದು ಇದ್ದರೆ ಒತ್ತಡ ನಿಲ್ಲುವುದಿಲ್ಲ. ತಗ್ಗಿನ ಸ್ವರ ಮೊದಲು ಹೋಗ್ತದೆ, ಮೇಲಿನ ಸ್ವರಕ್ಕೆ ಅಷ್ಟು ಪೆಟ್ಟಿಲ್ಲ. ನಾಯ್ಸ್ ಕ್ಯಾನ್ಸಲಿಂಗ್‌ಗೆ ಸಾಮಾನ್ಯವಾಗಿ ಹೊರಗೊಂದು, ಒಳಗೊಂದು ಮೈಕ್. ಹೊರಮೈಕ್ ಬರುವ ಗದ್ದಲವನ್ನು ಹಿಡಿಯುತ್ತದೆ, ಒಳಮೈಕ್ ಕಿವಿಗೆ ನಿಜವಾಗಿ ಏನು ಮುಟ್ಟಿತು ಅಂತ ನೋಡಿ ತಿದ್ದುತ್ತದೆ. ಒಳಮೈಕಿನ ಬಾಯಿಗೆ ಟೇಪ್ ಬಿದ್ದರೆ ತಿದ್ದುವ ಲೆಕ್ಕವೇ ತಪ್ಪು. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಎಡಗಿವಿಗೆ ಇಂಜಿನ್ನಿನ ಗುಂಯ್ ಅಡಗಿತು, ಬಲಗಿವಿಗೆ ಹಾಗೆಯೇ ಉಳಿಯಿತು. ದವಡೆ ಆಡಿಸಿದರೆ ಬಲದಲ್ಲಿ ಗುಡುಗುಡು. ಅರ್ಧ ಗಂಟೆಯಲ್ಲಿ ತಲೆ ಒಂದು ಬದಿಗೆ ವಾಲಿದ ಹಾಗೆ ಆಗ್ತದೆ. (ಹಾರ್ನ್, ಕಂಡಕ್ಟರನ ಸೀಟಿ ಒಳಗೆ ಬಂದರೆ ಅದನ್ನು ದೋಷ ಅನ್ನಬೇಡಿ. ಈ ತಂತ್ರ ಚೆನ್ನಾಗಿ ಹಿಡಿಯುವುದು ಸುಮಾರು 1000 ಹರ್ಟ್ಝ್‌ಗಿಂತ ಕೆಳಗಿನ ಏಕತಾನದ ಸದ್ದನ್ನು ಮಾತ್ರ.)

ನಮ್ಮ ಕರಾವಳಿಯಲ್ಲಿ ಈ ಪ್ಯಾಡ್ ಬದಲಿಸುವ ವ್ಯವಹಾರಕ್ಕೆ ಕಾರಣವೂ ಉಂಟು. ಪ್ಯಾಡಿನ "ಲೆದರ್" ಹೆಚ್ಚಾಗಿ ಬಟ್ಟೆಯ ಮೇಲೆ ಎಳೆದ ಪಾಲಿಯುರಥೇನ್ ಪದರ. ಗಾಳಿಯ ತೇವಾಂಶದೊಂದಿಗೆ ಸೇರಿ ಈ ಪದರದ ರಾಸಾಯನಿಕ ಕೊಂಡಿಗಳು ನಿಧಾನಕ್ಕೆ ಕಡಿಯುತ್ತವೆ. ಸೆಖೆ ಮತ್ತು ಬೆವರು ಸೇರಿದರೆ ಇನ್ನೂ ಬೇಗ. ಮೊದಲು ಅಂಟಂಟು, ಆಮೇಲೆ ಸಣ್ಣ ಬಿರುಕು, ಆಮೇಲೆ ಕಿವಿಯ ಸುತ್ತ ಕಪ್ಪು ಚೂರು. ಬಳಸದೆ ಡಬ್ಬದಲ್ಲಿ ಇಟ್ಟರೂ ಇದು ನಿಲ್ಲುವುದಿಲ್ಲ. ಹಾಗಾಗಿ "ಒಮ್ಮೆಯೂ ಬಳಸಿಲ್ಲ, ಮೂರು ವರ್ಷದಿಂದ ಕಪಾಟಿನಲ್ಲೇ ಇತ್ತು" ಎಂಬ ಮಾತು ಇಲ್ಲಿ ಗುಣಪತ್ರ ಅಲ್ಲ. ಉದುರಿದ ಚೂರು ಡ್ರೈವರಿನ ಜಾಲರಿ ಮೇಲೆ ಬಿದ್ದರೆ ಕೆಲವು ಸ್ವರಕ್ಕೆ ಜಿರ್ ಅಂತ ನಡುಗುತ್ತದೆ. ಡ್ರೈವರ್ ಹೋಯಿತು ಅಂತ ಎಷ್ಟೋ ಜನ ಎಸೆಯುವುದು ಈ ಚೂರಿನ ಕಾರಣಕ್ಕೆ.

ಪ್ಯಾಡ್ ಬದಲಿಸುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಇಲ್ಲಿ ಬದಲಿಸದೆ ಗತಿ ಇಲ್ಲ. ಆದರೆ ಪ್ಯಾಡ್ ಎಂಬುದು ಮೆತ್ತೆ ಅಲ್ಲ, ದನಿಯ ಭಾಗ. ಎರಡು ಮೂರು ಮಿಲಿಮೀಟರ್ ದಪ್ಪ ಹೆಚ್ಚಾದರೂ ಡ್ರೈವರ್ ಕಿವಿಯಿಂದ ದೂರ ಹೋಗಿ, ಒಳಗಿನ ಗಾಳಿಯ ಜಾಗ ಹೆಚ್ಚಿ, ಟ್ರೆಬಲ್‌ನ (ಮೇಲಿನ ಸ್ವರದ) ರೂಪವೇ ಬದಲಾಗ್ತದೆ. ತೆಳ್ಳಗಾದರೆ ಕಿವಿಯ ಹಾಲೆ ಜಾಲರಿಗೆ ತಾಗ್ತದೆ. ಒಳಗಿನ ತೆರಪು ಚಿಕ್ಕದಾದರೆ ಕಿವಿಯ ಮೇಲೆಯೇ ಪ್ಯಾಡ್ ಕೂರ್ತದೆ, ಸೀಲ್ ಸಿಗುವುದಿಲ್ಲ. ಕಂಪನಿಯ ಪ್ಯಾಡಿನೊಳಗೆ ಡ್ರೈವರ್ ಮುಂದೆ ಬರುವ ತೆಳು ಬಟ್ಟೆ ಅಥವಾ ಸ್ಪಂಜನ್ನು ನಕಲಿಯವರು ಎಷ್ಟೋ ಸಲ ಬಿಟ್ಟುಬಿಡ್ತಾರೆ. ಚೆಂಡೆ ಚೂಪಾಗಲು ಅದೂ ಒಂದು ಕಾರಣ. ವೆಲ್ವೆಟ್ ಬಟ್ಟೆಯ ಪ್ಯಾಡ್ ನಮ್ಮ ಸೆಖೆಗೆ ಹಿತ, ಬೆವರು ಕಡಿಮೆ, ಆದರೆ ಅದರ ಮೂಲಕ ಗಾಳಿ ಹಾಯುತ್ತದೆ. ಓಪನ್-ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರುವ) ಹೆಡ್‌ಫೋನಿಗೆ ಸರಿ, ನಾಯ್ಸ್ ಕ್ಯಾನ್ಸಲಿಂಗ್ ಸೆಟ್ಟಿಗೆ ಖಂಡಿತ ಬೇಡ. ನಿಜವಾದ ಕುರಿ ಚರ್ಮ ಪದರ ಪದರವಾಗಿ ಏಳುವುದಿಲ್ಲ, ಆದರೆ ಆಟಿಯ ಮಳೆಗೆ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಬೇಕು. ಕಿವಿಯಿಂದ ತೆಗೆದರೆ ಹಾಡು ತಾನಾಗಿ ನಿಲ್ಲಲಿ ಅಂತ, ಹಾಕಿಕೊಂಡದ್ದನ್ನು ಗುರುತಿಸುವ ಸೆನ್ಸರ್ ಕೆಲವು ಮಾದರಿಗಳ ಕಪ್ಪಿನೊಳಗೆ ಇರ್ತದೆ. ಪ್ಯಾಡಿನ ಒಳಬಟ್ಟೆ ಅದರ ಮುಂದೆ ಬಂದರೆ ಸೆನ್ಸರ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು.

ಈಗ ಅಂಗಡಿಯಲ್ಲೇ ಮಾಡಬೇಕಾದ್ದು. ರಸ್ತೆ ಬದಿಯ ಕೌಂಟರಿನಲ್ಲಿ ಕೇಳಬೇಡಿ. ಬಸ್ಸಿನ ಗದ್ದಲವೇ ಬೇಸಿನ ಜಾಗ ತುಂಬಿ ಕೊರತೆಯನ್ನು ಮುಚ್ಚುತ್ತದೆ. ಒಳಗೆ, ಫ್ಯಾನ್ ಇಲ್ಲದ ಕಡೆ ಕೂತುಕೊಳ್ಳಿ. ಫೋನಿಗೆ ಟೋನ್ ಜನರೇಟರ್ (ಬೇಕಾದ ಹರ್ಟ್ಝ್‌ನ ಸ್ವರ ಹೊರಡಿಸುವ) ಆ್ಯಪ್ ಒಂದನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ. ಈಕ್ವಲೈಜರ್ (ಬೇಸ್, ಟ್ರೆಬಲ್ ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಆಫ್, ನಾಯ್ಸ್ ಕ್ಯಾನ್ಸಲಿಂಗ್ ಆಫ್. ಆಫ್ ಮಾಡಲೇಬೇಕು, ಯಾಕೆಂದರೆ ಆನ್ ಇದ್ದಾಗ ಒಳಮೈಕ್ ಸೋರಿದ ಬೇಸನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟು ದೋಷ ಅಡಗಿಸಬಹುದು. ಧ್ವನಿ ಕಡಿಮೆ ಇಟ್ಟು 40, 60, 100 ಹರ್ಟ್ಝ್ ಒಂದೊಂದಾಗಿ ಕೇಳಿ. ಎರಡೂ ಕಿವಿಗೆ ಸಮನಾಗಿ ಕೇಳಬೇಕು. ಎರಡೂ ಕಪ್ಪನ್ನು ಬೆರಳಿನಿಂದ ಮೆಲ್ಲ ಒತ್ತಿ. ಒತ್ತಿದಾಗ ಸ್ವರ ದೊಡ್ಡದಾದರೆ ಗಾಳಿ ಸೋರುತ್ತಾ ಇದೆ ಅಂತ ಅರ್ಥ. ಕನ್ನಡಕ ಹಾಕುವವರಿಗೆ ಕಡ್ಡಿಯ ಸಂದಿನಿಂದಲೂ ಹೀಗೆ ಆಗ್ತದೆ, ಅದನ್ನು ತೆಗೆದು ಇನ್ನೊಮ್ಮೆ ನೋಡಿ.

ಒಂದು ಬದಿ ತೆಳುವಾಗಿ ಕೇಳಿದರೆ ಹೆಡ್‌ಫೋನನ್ನು ಎಡ-ಬಲ ಅದಲು ಬದಲು ಮಾಡಿ ಹಾಕಿಕೊಳ್ಳಿ. ತೆಳುದನಿ ಈಗ ಇನ್ನೊಂದು ಕಿವಿಗೆ ಹೋದರೆ ದೋಷ ಆ ಕಪ್ಪಿನದ್ದು. ಅದೇ ಕಿವಿಯಲ್ಲಿ ಉಳಿದರೆ ನಿಮ್ಮ ಕಿವಿ, ಕೂದಲು ಅಥವಾ ಕನ್ನಡಕದ್ದು. ಒಂದು ನಿಮಿಷದ ಈ ಪರೀಕ್ಷೆ ಅಂಗಡಿಯವರ ಎಲ್ಲ ವಾದವನ್ನು ಮುಗಿಸ್ತದೆ. ಕಪ್ಪಿನದ್ದೇ ಅಂತಾದರೆ ಪವರ್ ಆಫ್ ಮಾಡಿ 3.5 ಮಿಲಿಮೀಟರ್ ಕೇಬಲಿನಲ್ಲಿ ಕೇಳಿ. ಆಗಲೂ ಅದೇ ಬದಿ ತೆಳುವಾದರೆ ಪ್ಯಾಡ್ ಅಥವಾ ಡ್ರೈವರ್, ಆಗ ಸರಿಯಾದರೆ ಒಳಗಿನ ಸರ್ಕ್ಯೂಟ್. ಕೇಬಲಿನಲ್ಲಿ ಒಟ್ಟು ದನಿ ಮಂಕಾಗುವುದು ಸಹಜ, ಒಳಗಿನ ಪ್ರೊಸೆಸರ್ ತಿದ್ದುವುದಿಲ್ಲ. ಕೆಲವು ಮಾದರಿಗಳು ಪವರ್ ಇಲ್ಲದೆ ಹಾಡುವುದೇ ಇಲ್ಲ, ಅದನ್ನು ಮೊದಲೇ ತಿಳಿದುಕೊಳ್ಳಿ.

ಕೊನೆಗೆ ಹಾಡು ನಿಲ್ಲಿಸಿ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿ. ಸಣ್ಣ ಸುಯ್ ಎರಡೂ ಕಡೆ ಸಮ ಇರಬೇಕು. ಬಾಯಿ ತೆರೆದು ಮುಚ್ಚಿ, ತಲೆ ಅಲ್ಲಾಡಿಸಿ. ಗುಡುಗುಡು ಬಂದರೆ ಅಲ್ಲೇ ಇಟ್ಟು ಬನ್ನಿ. ಪ್ಯಾಡಿನ ಅಂಚನ್ನು ಬೆರಳಿನಿಂದ ಸುತ್ತ ಸವರಿ ಅಂಟು ತಾಗುತ್ತದಾ ನೋಡಿ. ಇದಕ್ಕೆ ಬೇಡ ಅನ್ನುವ ಅಂಗಡಿ ನಿಮಗೂ ಬೇಡ.

ಹಾಗೆಯೇ ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು-ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ ಇರಬೇಕು. ವೈರ್‌ಲೆಸ್ ಹೆಡ್‌ಫೋನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರದ್ದು ಅಂತ ತೋರಿಸ್ತದೆ. ಸೀರಿಯಲ್ ನಂಬರ್ ಡಬ್ಬದಲ್ಲೂ ಸೆಟ್ಟಿನಲ್ಲೂ ಒಂದೇ ಇರಲಿ. ವಾರಂಟಿ ಎಣಿಸುವುದು ಮೊದಲ ಖರೀದಿಯ ಬಿಲ್ಲಿನಿಂದ, ನಿಮ್ಮ ದಿನದಿಂದ ಅಲ್ಲ, ಹಾಗಾಗಿ ಆ ಬಿಲ್ಲಿನ ಪ್ರತಿ ಕೇಳಿ. ನಿಮ್ಮ ಜಿಎಸ್‌ಟಿ ಬಿಲ್ಲಿನಲ್ಲಿ "ಪ್ಯಾಡ್ ಮೂಲ ಕಂಪನಿಯದ್ದು" ಅಥವಾ "ಪ್ಯಾಡ್ ಬದಲಿಸಲಾಗಿದೆ" ಎಂದು ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೊಸತು ಅಂದದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮೋಸ ಆಗಿದ್ದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಅದರಿಂದ ಆಗದಿದ್ದರೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕ ಆಯೋಗ ಉಂಟು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ.

ಬೇಸ್ ಇಲ್ಲದ ಸೆಟ್ಟನ್ನು ಹೇಗೋ ಸುಧಾರಿಸಿಕೊಂಡು ಕೇಳುವವರಿಗೆ ಒಂದು ಮಾತು. ಕೊರತೆ ತುಂಬಿಸಲು ಕೈ ತಾನಾಗಿ ವಾಲ್ಯೂಮಿಗೆ ಹೋಗ್ತದೆ. ಬೇಸಿನ ಕೊರತೆ ತುಂಬುವುದಿಲ್ಲ, ಚೂಪು ಸ್ವರ ಇನ್ನಷ್ಟು ಕಿವಿಗೆ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿದ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳ ಕೈಗೆ ಇಂಥ ಸೆಟ್ ಕೊಡಲೇಬೇಡಿ.

ಒಳ್ಳೆಯ ಪ್ಯಾಡ್ ಇದ್ದವರು ಮಳೆಗಾಲದಲ್ಲಿ ಹೀಗೆ ಮಾಡಿ: ಕೇಳಿ ಆದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಬೆವರು ಒರೆಸಿ, ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಟ್ಟು, ಆಮೇಲೆ ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ತುಂಬಿತು ಅಂತ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಒದ್ದೆಯಾಗಿದ್ದಾಗಲೇ ಜಿಪ್ ಪೌಚಿಗೆ ತುರುಕುವುದು, ಸ್ಯಾನಿಟೈಜರ್ ಹಾಕಿ ಒರೆಸುವುದು, ಬಿಸಿಲಿಗೆ ಇಡುವುದು ಮೂರೂ ಪ್ಯಾಡಿನ ಆಯುಷ್ಯ ಕಡಿಮೆ ಮಾಡ್ತವೆ. ವಾರಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧದಷ್ಟು ಚಾರ್ಜಿನಲ್ಲಿರಲಿ.

ಮೇಲೆ ಹೇಳಿದ ಸೆಟ್ಟಿನ ಟೇಪ್ ಕಿತ್ತು, ಮುರಿದ ಎರಡು ಕಚ್ಚಿನ ಜಾಗಕ್ಕೆ ತೆಳು ಫೋಮ್ ಪಟ್ಟಿ ಸಂದಿಲ್ಲದ ಹಾಗೆ ಸುತ್ತ ಕೂರಿಸಿ, ಕಂಪನಿಯ ಪ್ಯಾಡ್ ಹಾಕಿದ ಮೇಲೆ 40 ಹರ್ಟ್ಝ್ ಎರಡೂ ಕಡೆ ಸಮನಾಗಿ ಬಂತು, ಭಾಗವತರ ದನಿ ನಡುವಿಗೆ ಬಂದು ನಿಂತಿತು. ಒಳಮೈಕಿನ ಜಾಲರಿಗೆ ಇಳಿದ ಅಂಟು ಮಾತ್ರ ಪೂರ್ತಿ ಹೋಗಲಿಲ್ಲ. ಥಿನ್ನರ್ ಅಥವಾ ಪೆಟ್ರೋಲ್ ಹಚ್ಚಿದರೆ ಮೈಕೇ ಹೋಗ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ, ಹಾಗಾಗಿ ಅದನ್ನು ಮುಟ್ಟಿಲ್ಲ. ಬಸ್ಸಿನಲ್ಲಿ ಬಲಗಿವಿಗೆ ಇಂಜಿನ್ ಈಗಲೂ ಎಡಕ್ಕಿಂತ ಸ್ವಲ್ಪ ಹೆಚ್ಚೇ ಕೇಳ್ತದೆ. ಕಂಪನಿಯ ಪ್ಯಾಡಿನ ಬೆಲೆಯನ್ನೂ ಸೇರಿಸಿದರೆ ಉಳಿತಾಯ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ಹೋಯಿತು.